ಅಬ್ಬಾನ ಕ್ಯಾಸೆಟ್‌ಗಳು

ಅಬ್ಬಾ ತೀರಿಕೊಂಡ ಮೇಲೆ ಅವರ ಕ್ಯಾಸೆಟ್ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಬೇಗಂ ಅಖ್ತರ್, ಮೆಹದಿ ಹಸನ್, ಕಾಳಿಂಗರಾಯರು. ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಒಂದರಲ್ಲಿ, ಗಜಲ್ ನಡುವೆ ಅಮ್ಮಿ ಯಾರನ್ನೋ ಊಟಕ್ಕೆ ಕೂಗುತ್ತಾರೆ.

'ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ' ಎಂದ ಮಗ. ಅಮ್ಮಿಯ ಕೂಗು ಸಿಗುವುದಿಲ್ಲವಲ್ಲ! ಎಲ್ಲವನ್ನೂ ಕಂಪ್ಯೂಟರಿಗಿಳಿಸಿದೆ. ಆದರೆ ಅದರಿಂದಲೇ ಹಾಡು ಕೇಳಹೊರಟರೆ ಫ್ಯಾನಿನ ಗುಂಯ್‌ಗುಡುವಿಕೆ. ಹಾಡುಗಳನ್ನು ಕಾಪಿಟ್ಟು ಆಂಪ್ಲಿಫೈಯರ್‌ಗೆ ಒದಗಿಸುವ ಪ್ರತ್ಯೇಕ ಮ್ಯೂಸಿಕ್ ಸರ್ವರ್ ಹುಡುಕತೊಡಗಿದೆ.

ಅಂಗಡಿಯವರು ತೋರಿಸಿದ್ದು ನೋಡಲು ಚೆಂದವಿತ್ತು, ಬೆಲೆಯೂ ಅಷ್ಟೇ. ಡಿಸ್ಕ್ ಬಿಚ್ಚುವಂತಿಲ್ಲ. ಅಬ್ಬಾ ಬರೆದಿಟ್ಟಿದ್ದ ಉರ್ದು ಹೆಸರುಗಳು ಅದರ ಪರದೆಯಲ್ಲಿ ಬರೀ ಚೌಕಗಳಾದವು. ಬೇಡವೆಂದು ಎದ್ದು ಬಂದೆ.

ಕೊನೆಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡು ತಂದು, ಲಿರಿಯನ್ ಎಂಬ ಮುಕ್ತ ತಂತ್ರಾಂಶ ಹಾಕಿದೆವು. ಫ್ಯಾನ್ ಇಲ್ಲ, ಸದ್ದಿಲ್ಲ. ಹಾಡುಗಳನ್ನು ಫ್ಲ್ಯಾಕ್ ರೂಪದಲ್ಲಿಟ್ಟೆ: ಜಾಗ ಸುಮಾರು ಅರ್ಧಕ್ಕಿಳಿಯುತ್ತದೆ, ಧ್ವನಿ ಕಿಂಚಿತ್ತೂ ಕಳೆಯುವುದಿಲ್ಲ. 1 ಟೆರಾಬೈಟ್ ಡಿಸ್ಕಿನಲ್ಲಿ 2000ಕ್ಕೂ ಹೆಚ್ಚು ಸಿಡಿ ಹಿಡಿಸುತ್ತವೆ. ಡಿಸ್ಕ್ ಯಾವತ್ತಾದರೂ ಕೈಕೊಡುವಂಥದ್ದೇ. ಇನ್ನೊಂದು ಪ್ರತಿ ತಂಗಿಯ ಮನೆಯಲ್ಲಿದೆ.

ಮೊದಲ ರಾತ್ರಿ ಆ ಗಜಲನ್ನೇ ಹಾಕಿದೆ. 'ದಾದಿ ಯಾರನ್ನು ಕರೀತಿದ್ದಾರೆ?' ಎಂದ ಮಗ. ಮತ್ತೆ ಮತ್ತೆ ಕೇಳಿದೆವು. ಹೆಸರು ಬರುವಲ್ಲೇ ಟೇಪು ಸವೆದಿದೆ.