ಕೊಣಾಜೆಗೆ ಹೋದವರು, ಹೋಗದವರು

ನಮ್ಮ ಕಡೆ ಮನುಷ್ಯನಿಗಿಂತ ಮುಂಚೆ ಅವನ ಮನೆಯ ಹೆಸರು ಪೇಟೆ ತಲುಪಿರುತ್ತದೆ. ಬೆಳ್ಳಾರೆ ಪೇಟೆಯಲ್ಲಿ ನಿಂತು ‘ಇಂಥ ಗೌಡ್ರು ಇದ್ದಾರಲ್ಲ’ ಎಂದು ಯಾರನ್ನಾದರೂ ವಿಚಾರಿಸಿ ನೋಡಿ, ‘ಯಾವ ಮನೆ ಮಾರಾಯ್ರೆ?’ ಎಂಬ ಮರುಪ್ರಶ್ನೆ ಬಾರದೆ ಇರದು. ಮನೆಯ ಹೆಸರು ಹೇಳಿದಿರೋ, ಅವರಿಗೆ ಎಷ್ಟು ಅಡಿಕೆ ಆಗುತ್ತದೆ, ಹೆಣ್ಣು ಎಲ್ಲಿಂದ ತಂದದ್ದು, ಆಚೆಮನೆಯವರ ಜೊತೆ ತೋಡಿನ ನೀರಿಗೆ ಯಾಕೆ ಜಗಳ, ಎಲ್ಲವೂ ನಿಂತ ನಿಲುವಿನಲ್ಲೇ ತಿಳಿಯುತ್ತದೆ. ಈ ಅಭ್ಯಾಸ ಅಂಟಿಕೊಂಡ ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಲಿತು, ಕಲಿಸಿ ಹೆಸರಾದವರ ಪಟ್ಟಿಯನ್ನು ಹಳ್ಳಿ ಬಸ್ಸಿನ ಬೋರ್ಡಿನ ಹಾಗೆ ಓದುತ್ತೇನೆ. ಪುರುಷೋತ್ತಮ ಬಿಳಿಮಲೆ: ಪಂಜದ ಹತ್ತಿರದ ಕೂತ್ಕುಂಜದವರು, ಅಂದರೆ ನಮ್ಮ ಪಕ್ಕದವರೇ. ಬಿ.ಎ. ವಿವೇಕ ರೈ: ಪುಣಚದ ಅಗ್ರಾಳ ಮನೆ. ಪದವಿ, ಪ್ರಶಸ್ತಿ, ಕುಲಪತಿ ಹುದ್ದೆ ಎಲ್ಲ ಆಮೇಲೆ.

ಇಂಥ ಪಟ್ಟಿ ಇಲ್ಲದ ವಿಶ್ವವಿದ್ಯಾನಿಲಯ ಯಾವುದಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸಿ.ವಿ. ರಾಮನ್, ಹೋಮಿ ಭಾಭಾ, ಸತೀಶ್ ಧವನ್ ಎಂದು ಶುರುಮಾಡಿದರೆ ಕೇಳುವವನಿಗೆ ಉಸಿರಾಡಲು ಪುರುಸೊತ್ತು ಸಿಗುವುದಿಲ್ಲ. ಮೈಸೂರಿನವರಿಗೆ ಒಬ್ಬ ಕುವೆಂಪು ಸಾಕು: ಅಲ್ಲೇ ವಿದ್ಯಾರ್ಥಿ, ಅಲ್ಲೇ ಮೇಷ್ಟರು, ಅಲ್ಲೇ ಕುಲಪತಿ. ರಾಷ್ಟ್ರಪತಿಗಳಾಗುವುದಕ್ಕೆ ಬಹಳ ಮುಂಚೆ ರಾಧಾಕೃಷ್ಣನ್ ಅಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟಿದ್ದರು ಎನ್ನುವುದನ್ನೂ ಅವರು ಮರೆಯದೆ ಸೇರಿಸುತ್ತಾರೆ. ನಮ್ಮ ಕೊಣಾಜೆ ಇವರ ಎದುರು ಚಿಕ್ಕದು, ವಯಸ್ಸಿನಲ್ಲೂ ಕಿರಿದು. ಆದರೂ ಅಲ್ಲಿ ನಡೆದ ಒಂದು ಕೆಲಸವನ್ನು ನೆನೆದರೆ ನನಗೆ ಈ ದೊಡ್ಡ ಹೆಸರುಗಳ ಮುಂದೆ ತಲೆ ತಗ್ಗಿಸಬೇಕು ಅನ್ನಿಸುವುದಿಲ್ಲ.

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲೊಂದು ಸ್ನಾತಕೋತ್ತರ ಕೇಂದ್ರ ತೆರೆಯಿತು. ಮೈಸೂರಿನ ಮಾನಸಗಂಗೋತ್ರಿಯ ತಂಗಿಯೆಂಬಂತೆ ಅದಕ್ಕೆ ಮಂಗಳಗಂಗೋತ್ರಿ ಎಂದು ಹೆಸರಾಯಿತು. ಕನ್ನಡ ಕಲಿಸಲು ಬಂದವರು ಎಸ್.ವಿ. ಪರಮೇಶ್ವರ ಭಟ್ಟರು. ಕಾಳಿದಾಸನನ್ನೂ ಭಾಸನನ್ನೂ ಕನ್ನಡಕ್ಕೆ ತಂದ ವಿದ್ವಾಂಸರು. ಸಂಸ್ಕೃತ ನಾಟಕಗಳಲ್ಲಿ ಮುಳುಗಿದ್ದ ಇಂಥ ಮೇಷ್ಟರ ಕೈಕೆಳಗೆ ಓದಿದ ಹುಡುಗರು ಶಾಕುಂತಲದ ಹಿಂದೆಯೇ ಹೋಗುತ್ತಾರೆಂದು ಯಾರಾದರೂ ಎಣಿಸಬೇಕು. ವಿಜ್ಞಾನದ ಪದವಿ ಮುಗಿಸಿ ಕನ್ನಡ ಎಂ.ಎ.ಗೆ ಬಂದ ವಿವೇಕ ರೈಗಳು ಹೋದದ್ದು ತುಳು ಗಾದೆಗಳ ಹಿಂದೆ, ಒಗಟುಗಳ ಹಿಂದೆ, ಗದ್ದೆಯಲ್ಲಿ ನೇಜಿ ನೆಡುತ್ತ ಹೆಂಗಸರು ಹಾಡುವ ಪಾಡ್ದನಗಳ ಹಿಂದೆ. ಆಗ ಇದೊಂದು ಕಲಿಯುವ ವಿಷಯವೆಂದು ಊರಿನವರೇ ಒಪ್ಪುತ್ತಿರಲಿಲ್ಲ. ಅಜ್ಜಿ ಹೇಳುವುದನ್ನು ಬರೆದುಕೊಳ್ಳಲು ಮಂಗಳೂರಿಗೆ ಹೋಗಿ ಎಂ.ಎ. ಮಾಡಬೇಕೆ ಎಂದು ಕೇಳುವವರ ಮಾತಿನಲ್ಲಿ ನ್ಯಾಯವೂ ಇತ್ತೆನ್ನಿ. ರೈಗಳ ‘ತುಳು ಜನಪದ ಸಾಹಿತ್ಯ’ 1985ರಲ್ಲಿ ಪುಸ್ತಕವಾಗಿ ಬಂತು. ಅಷ್ಟರಲ್ಲಿ ಮಂಗಳಗಂಗೋತ್ರಿ ಮೈಸೂರಿನಿಂದ ಬೇರೆಯಾಗಿ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಗಿ, ಇತಿಹಾಸಕಾರ ಬಿ. ಶೇಖ್ ಅಲಿ ಅದರ ಮೊದಲ ಕುಲಪತಿಯಾಗಿ ಬಂದು ಆಗಿತ್ತು. ಅದೇ ಕನ್ನಡ ವಿಭಾಗದ ಕೆ. ಚಿನ್ನಪ್ಪ ಗೌಡರು ಭೂತಾರಾಧನೆಯನ್ನು ಹಿಡಿದುಕೊಂಡರು. ತೆಂಗಿನ ಸಿರಿ, ಅಣಿ, ಗಗ್ಗರ, ನುಡಿಗಟ್ಟು, ಕೋಲದ ರಾತ್ರಿಯ ಇಡೀ ವ್ಯವಹಾರ ಪಿಎಚ್‌.ಡಿ. ಪ್ರಬಂಧದ ಅಧ್ಯಾಯಗಳಾಯಿತು.

ನಾನು ಹೇಳಿದ ಆ ಒಂದು ಕೆಲಸಕ್ಕೆ ಬರುತ್ತೇನೆ. ಫಿನ್‌ಲೆಂಡಿನ ಟುರ್ಕುವಿನಿಂದ ಲೌರಿ ಹೊಂಕೊ ಎಂಬ ಜಾನಪದ ಪಂಡಿತರು ಪತ್ನಿ ಅನ್ನೆಲಿಯವರ ಜೊತೆ ತುಳುನಾಡಿಗೆ ಬಂದರು. ಅವರ ದೇಶಕ್ಕೆ ‘ಕಲೇವಾಲ’ ಎಂಬ ಮಹಾಕಾವ್ಯ ಉಂಟು, ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಹಳ್ಳಿಹಳ್ಳಿ ಸುತ್ತಿ ಸಂಗ್ರಹಿಸಿದ ಹಾಡುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದು. ಲೋನ್‌ರೋಟ್ ಹಲವರ ಹಾಡುಗಳನ್ನು ಹೊಲಿದು ಒಂದು ಮಾಡಿದ. ಹೊಂಕೊ ಅವರಿಗೆ ಬೇಕಾಗಿದ್ದದ್ದು ಬೇರೆ: ಒಬ್ಬನೇ ಹಾಡುಗಾರ, ಅವನ ಬಾಯಿಂದ ಇಡೀ ಕಾವ್ಯ, ಯಾರೂ ತಿದ್ದದೆ. ಅಂಥವರು ಸಿಕ್ಕಿದ್ದು ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಹತ್ತಿರದ ಮಾಚಾರಿನಲ್ಲಿ. ಹೆಸರು ಗೋಪಾಲ ನಾಯ್ಕ. ಕೃಷಿ ಮಾಡಿಕೊಂಡು, ಸಿರಿ ಜಾತ್ರೆಯಲ್ಲಿ ಸಿರಿಗಳ ದಲ್ಯವನ್ನು, ಅಂದರೆ ಗುಂಪನ್ನು, ನಡೆಸುತ್ತಿದ್ದವರು. ವಿವೇಕ ರೈ, ಚಿನ್ನಪ್ಪ ಗೌಡ, ಹೊಂಕೊ ದಂಪತಿ, ನಾಲ್ವರೂ ಎದುರು ಕೂತರು. ನಾಯ್ಕರು ಸಿರಿಯ ಕಥೆ ಹೇಳಿದರು, 1990ರ ಡಿಸೆಂಬರಿನಲ್ಲಿ. ಸತ್ಯನಾಪುರದ ಬೆರ್ಮು ಆಳ್ವ, ಅವನ ಮನೆಗೆ ಬಂದ ಸಿರಿ, ಬಸರೂರಿನ ಕಾಂತು ಪೂಂಜನ ಜೊತೆ ಮದುವೆ, ಸರಿಬಾರದ ಗಂಡನನ್ನು ಬಿಟ್ಟು ಹೊರಟ ಆ ಹೆಣ್ಣಿನ ಧೈರ್ಯ, ಮಗಳು ಸೊನ್ನೆ, ಕಡೆಗೆ ಚೆನ್ನೆಮಣೆಯ ಮುಂದೆ ಕೂತ ಮೊಮ್ಮಕ್ಕಳು ಅಬ್ಬಗ-ದಾರಗ. ಬರೆದುಕೊಂಡು ಎಣಿಸಿದಾಗ 15,683 ಸಾಲು. ಹೋಮರನ ‘ಇಲಿಯಡ್’ 15,693 ಸಾಲು. ಹತ್ತೇ ಸಾಲು ಕಡಿಮೆ. ಗೋಪಾಲ ನಾಯ್ಕರಿಗೆ ಇದನ್ನು ಮುಂಚೆಯೇ ಯಾರಾದರೂ ಹೇಳಿದ್ದರೆ ಇನ್ನೊಂದು ಹನ್ನೊಂದು ಸಾಲು ಸೇರಿಸಿ ಗ್ರೀಕರನ್ನು ಹಿಂದೆ ಹಾಕುತ್ತಿದ್ದರೋ ಏನೋ!

1998ರಲ್ಲಿ ಹೆಲ್ಸಿಂಕಿಯಿಂದ ಈ ಕೆಲಸ ಮೂರು ದಪ್ಪ ಸಂಪುಟಗಳಾಗಿ ಹೊರಬಂತು. ಒಂದರಲ್ಲಿ ಹೊಂಕೊ ಅವರ ವಿವೇಚನೆ, ಉಳಿದೆರಡರಲ್ಲಿ ಒಂದು ಪುಟಕ್ಕೆ ತುಳು, ಎದುರು ಪುಟಕ್ಕೆ ಇಂಗ್ಲಿಷು. ನನಗೆ ಇಷ್ಟವಾಗುವುದು ಕಾವ್ಯದ ಸಂಪುಟಗಳ ಶೀರ್ಷಿಕೆ. ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯ ಎಂದೇ ಅದು ಶುರುವಾಗುವುದು. ನಾಲ್ಕು ಜನ ಸಂಶೋಧಕರ ಹೆಸರು ಅದರ ಆಚೆ. ಸಾಮಾನ್ಯವಾಗಿ ಇಂಥ ಪುಸ್ತಕಗಳಲ್ಲಿ ಹಾಡಿದವರು ‘ಮಾಹಿತಿದಾರರು’ ಎಂಬ ಅನುಬಂಧದಲ್ಲಿ, ಸಣ್ಣಕ್ಷರದಲ್ಲಿ, ವಯಸ್ಸು ಅರವತ್ತೈದು, ಕಸುಬು ಕೂಲಿ ಎಂದು ಸಿಕ್ಕುತ್ತಾರೆ.

ಬಿಳಿಮಲೆಯವರ ದಾರಿ ನಮ್ಮ ಅಂಗಳದಿಂದಲೇ ಹೊರಟದ್ದು. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜಿನಲ್ಲಿ ಪಾಠ ಹೇಳಿದವರು, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪಿಎಚ್‌.ಡಿ.ಗೆ ಆರಿಸಿಕೊಂಡದ್ದು ಸುಳ್ಯ ಪರಿಸರದ ಗೌಡರ ಬದುಕನ್ನೇ. ಅರೆಭಾಷೆ, ಒತ್ತೆಕೋಲ, ಮದುವೆಯ ಶಾಸ್ತ್ರ, ಸಾವಿನ ಶಾಸ್ತ್ರ ಇಷ್ಟೆಲ್ಲ ಬರೆಯಲು ನಮ್ಮವರ ಮನೆಯಲ್ಲಿ ಎಂತ ಉಂಟು ಎಂದು ನಮ್ಮವರಿಗೇ ಆಶ್ಚರ್ಯ. ಮುಂದೆ ಹಂಪಿ, ಅಲ್ಲಿಂದ ದೆಹಲಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕನ್ನಡ ಪೀಠ, ಈಗ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷತೆ. ಆತ್ಮಕಥೆ ‘ಕಾಗೆ ಮುಟ್ಟಿದ ನೀರು’ ಓದಿದವರಿಗೆ ನಮ್ಮ ಬೆಟ್ಟದ ಬುಡದ ಬಡತನ ಎಷ್ಟು ಹತ್ತಿರದ್ದೆಂದು ಗೊತ್ತು.

ಆದರೆ ನನ್ನ ತಕರಾರು ಬೇರೆ. ಬೆಳ್ಳಾರೆಯಿಂದ ನಿಂತಿಕಲ್ಲಿನ ಮೇಲೆ ಪಂಜಕ್ಕೆ ಹೋಗುವ ದಾರಿಯಲ್ಲಿ ಎಣ್ಮೂರು ಉಂಟು. ಪಾಡ್ದನದ ವೀರರು ಕೋಟಿ-ಚೆನ್ನಯರು ಕೊನೆಯುಸಿರೆಳೆದ ಊರು. ಪಡುಮಲೆಯಲ್ಲಿ ಶುರುವಾದ ಅವರ ಕಥೆ ನಮ್ಮ ಬಗಲಲ್ಲೇ ಮುಗಿಯುವುದು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಮುದುಕಿ ಇದ್ದರು. ಮಾರ್ಚ್ ತಿಂಗಳ ಸೆಕೆ, ಜಗಲಿಯಲ್ಲಿ ಸಾಲಾಗಿ ಮೆಟ್ಟುಕತ್ತಿಗಳು. ಒಣಗಿದ ಅಡಿಕೆಯನ್ನು ಕತ್ತಿಯ ಮೂತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಒಂದು ಕಡೆ, ಚಾಲಿ ಒಂದು ಕಡೆ. ಪಟೋರ, ಕರಿಗೋಟು ಬೇರೆ ಬುಟ್ಟಿಗೆ. ಕೈ ನಿಲ್ಲಿಸದೆ ಅವರು ಆ ಕಥೆಯಲ್ಲಿ ಬರುವ, ಪಂಜಕ್ಕೂ ಎಣ್ಮೂರಿಗೂ ನಡುವಿನ ಗಡಿಕಲ್ಲಿನ ಜಗಳ ಹೇಳುವರು. ಕಾಲೇಜಿಗೆ ಹೋಗುತ್ತಿದ್ದ ನಾನು ಜಾಣತನ ತೋರಿಸಲು, ಪುಸ್ತಕದಲ್ಲಿ ಹೀಗಿಲ್ಲವಲ್ಲ ದೊಡ್ಡಮ್ಮಾ ಎಂದೆ. ಅವರು ತಲೆ ಎತ್ತಲಿಲ್ಲ. ‘ಪುಸ್ತಕದವ ಪಂಜದ ಕಡೆಯವನಿರಬೇಕು ಮಗಾ’ ಎಂದರು ತುಳುವಿನಲ್ಲಿ. ಹಾಡುಗಾರ ಬದಲಾದಂತೆ ಪಠ್ಯವೂ ಬದಲಾಗುತ್ತದೆ ಎಂದು ವಿದ್ವಾಂಸರು ಬರೆದದ್ದನ್ನು ಮುಂದೆ ಓದಿದೆ. ಆ ಮುದುಕಿಯ ಬಾಯಲ್ಲಿ ಅದು ಒಂದು ವಾಕ್ಯ, ಸುಲಿದ ಅಡಿಕೆ ಎರಡು.

ಅವರ ಕಥೆಯನ್ನು ಬರೆದುಕೊಳ್ಳಲು ಯಾರೂ ಬರಲಿಲ್ಲ. ಕೊಣಾಜೆಯವರು ಎಷ್ಟು ಜಗಲಿಗೆಂದು ಬಂದಾರು? ಈಗ ಗದ್ದೆಗಳೆಲ್ಲ ತೋಟವಾಗಿವೆ, ತೋಟದಾಚೆಯ ಗುಡ್ಡೆ ರಬ್ಬರಾಗಿದೆ. ನೇಜಿ ಇಲ್ಲದ ಮೇಲೆ ನೇಜಿಯ ಹಾಡು ಎಲ್ಲಿ? ಅಡಿಕೆ ಸುಲಿಯಲು ಯಂತ್ರ ಬಂದಿದೆ, ಅದರ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಕೊಣಾಜೆಗೆ ಹೋಗುವ ಮಕ್ಕಳೂ ಹೆಚ್ಚಾಗಿ ಎಂ.ಕಾಂ., ಎಂ.ಬಿ.ಎ. ಎನ್ನುತ್ತಾರೆ. ತಪ್ಪೇನೂ ಇಲ್ಲ, ಹೊಟ್ಟೆಪಾಡು ನೋಡಬೇಕಲ್ಲ.

ವಿಶ್ವವಿದ್ಯಾನಿಲಯಕ್ಕೆ ಹೋಗಿಯೇ ಈ ಕೆಲಸ ಮಾಡಬೇಕೆಂದೂ ಇಲ್ಲ. ಗಾಂಧಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆನಿಂತು, ಮೇಳಗಳ ಹಿಂದೆ ತಾವೇ ಅಲೆದು ‘ಯಕ್ಷಗಾನ ಬಯಲಾಟ’ ಬರೆದರು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೌರವ ಡಾಕ್ಟರೇಟುಗಳು ಹಿಂದಿನಿಂದ ಹುಡುಕಿಕೊಂಡು ಬಂದವು. ನಮ್ಮ ಸೀಮೆಯ ಅತಿ ದೊಡ್ಡ ಡಾಕ್ಟರರು ಬಿ.ಎ. ಕೂಡ ಮುಗಿಸಿದವರಲ್ಲ!

ಹಾಗಾಗಿ ಓದುಗರಲ್ಲಿ ಒಂದು ಮಾತು. ಪಾಡ್ದನವೋ ಕಬಿತವೋ, ಭೂತದ ಕಥೆಯೋ ಬಲ್ಲ ಹಿರಿಯರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಕೊಣಾಜೆಯಿಂದ ಪ್ರೊಫೆಸರರು ಬರಲಿ ಎಂದು ಕಾಯಬೇಡಿ. ಅವರಿಗೆ ಪುರುಸೊತ್ತು ಇರುವ ಹೊತ್ತು ನೋಡಿ, ಎಲೆ ಅಡಿಕೆ ಮುಂದಿಟ್ಟು, ಕೈಯಲ್ಲಿರುವ ಮೊಬೈಲಿನಲ್ಲೇ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ನಡುವೆ ತಿದ್ದಲು ಹೋಗಬೇಡಿ. ಉಳಿಸಿಡುವಾಗ ಮೊದಲು ಅವರ ಹೆಸರು ಹಾಕಿ, ಊರು ಮತ್ತು ಮನೆಯ ಹೆಸರು ಸಮೇತ. ನಿಮ್ಮದು ಕೆಳಗಿರಲಿ.