ಹದದ ಚಿತ್ರ

ನಮ್ಮ ಅಡುಗೆಮನೆಗಳಲ್ಲಿ 'ಹದ' ಎಂಬ ಮಾತಿಗೆ ಇರುವ ಅಧಿಕಾರ ಬೇರಾವ ಮಾತಿಗೂ ಇಲ್ಲ. ಬೇಳೆ ಹದವಾಗಿ ಬೇಯಬೇಕು. ಕಣಕವನ್ನು ಹದವಾಗಿ ನಾದಬೇಕು. ಪಾಕ ಹದಕ್ಕೆ ಬಂದೊಡನೆ ಒಲೆಯಿಂದ ಇಳಿಸಬೇಕು. ಆ ಹದ ಯಾವುದೆಂದು ಕೇಳಿದರೆ ಮಾತ್ರ, "ನೋಡಿದರೆ ಗೊತ್ತಾಗುತ್ತೆ" ಎಂಬ ಉತ್ತರವೇ ಎಲ್ಲ ಕಡೆಯಿಂದಲೂ ಬರುತ್ತದೆ. ಅಡುಗೆಯನ್ನು ಕುರಿತು ನಮ್ಮವರು ಬರೆಯದೆ ಇಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೂ ಎಡೆ ಕೊಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮುಂದಿನ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಅರಮನೆಯ ಭೋಜನವನ್ನು ವರ್ಣಿಸುತ್ತದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ'ವೆಂಬ ಕೃತಿಯನ್ನೇ ರಚಿಸಿದ. ಪದಾರ್ಥವನ್ನೂ ಕ್ರಮವನ್ನೂ ಮಾತು ಹೇಳಬಲ್ಲದು. ಹದವನ್ನು ಹೇಳಹೊರಟ ಮಾತು 'ಹೊಂಬಣ್ಣ ಬರುವವರೆಗೆ' ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಹೊಂಬಣ್ಣಗಳು ಒಂದೆ, ಎರಡೆ!

ಈ ಕೊರತೆ ನಮ್ಮ ಮನೆಯ ಸಮಸ್ಯೆಯಾಗಿ ಬಂದದ್ದು ನನ್ನ ಅಕ್ಕನ ದೆಸೆಯಿಂದ. ಆಕೆಗೆ ಈಗ ಎಂಬತ್ತು ವರ್ಷ. ಬನಶಂಕರಿ ಎರಡನೆಯ ಹಂತದಲ್ಲಿ ವಾಸ. ನಮ್ಮ ತಾಯಿ ಮಾಡುತ್ತಿದ್ದ ಅಡುಗೆಗಳನ್ನು ಅದೇ ರುಚಿಯಲ್ಲಿ ಮಾಡಬಲ್ಲವಳು ಈಗ ಆಕೆಯೊಬ್ಬಳೇ. ಅವುಗಳನ್ನೆಲ್ಲ ಉದ್ದನೆಯ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅದರಲ್ಲಿನ ಅಳತೆಗಳು 'ಒಂದು ಹಿಡಿ', 'ಎರಡು ಚಿಟಿಕೆ', 'ನಿಂಬೆಗಾತ್ರ'. ಎರಡು ವರ್ಷಗಳಿಂದ ಆಕೆಯ ಕೈ ನಡುಗತೊಡಗಿದೆ. ದೂರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಬ್ಬರಿಗೆ ಕಲಿಯುವ ಆಸೆಯಿದೆ. ಕನ್ನಡವನ್ನು ಚೆನ್ನಾಗಿ ಆಡುತ್ತಾರೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ನೋಟುಬುಕ್ಕಿನ ಪ್ರತಿ ಅವರ ಕೈಸೇರಿದ ಮೇಲೆ ಹಿರಿಯವಳು ಫೋನು ಮಾಡಿದಳು: "ಅಜ್ಜಿ, ಮೆಂತ್ಯ ಕೆಂಪಗೆ ಹುರಿಯಬೇಕು ಅಂತ ಬರೆದಿದ್ದೀಯಲ್ಲ, ಯಾವ ಕೆಂಪು?" ಅಕ್ಕ ಫೋನನ್ನು ನನ್ನ ಕೈಗಿತ್ತು, "ನೀನು ಮೇಷ್ಟ್ರಲ್ಲವೇನೋ, ಹೇಳು" ಎಂದಳು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿದವನ ಬಳಿಯೂ ಆ ಕೆಂಪಿಗೆ ಪದವಿರಲಿಲ್ಲ. ಹುರಿದ ಮೆಂತ್ಯದಲ್ಲಿ ಪರಿಮಳಕ್ಕೂ ಕಹಿಗೂ ನಡುವೆ ಇರುವ ಅಂತರ ಕೆಲವು ಕ್ಷಣಗಳದು. ಅದನ್ನು ತೋರಿಸಬೇಕು, ಹೇಳಿ ಪ್ರಯೋಜನವಿಲ್ಲ.

ಜಯನಗರ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣಕ್ಕೆ ಸಮೀಪದಲ್ಲಿ, ಒಂದು ಮನೆಯ ಮಹಡಿಯ ಮೇಲೆ, ತಿಂಡಿತಿನಿಸುಗಳ ಚಿತ್ರ ತೆಗೆಯುವುದನ್ನು ಕಲಿಸುವ ತರಗತಿ ನಡೆಯುತ್ತದೆಂದು ತಿಳಿಯಿತು. ನಾಲ್ಕು ಭಾನುವಾರಗಳ ಪಾಠ. ಹೆಸರು ಬರೆಸಿದೆ. ನನ್ನ ಸಹಪಾಠಿಗಳು ಹತ್ತು ಮಂದಿ: ಜೆ.ಪಿ. ನಗರದಲ್ಲಿ ಹೋಟೆಲು ತೆರೆಯಲಿದ್ದ ಇಬ್ಬರು ತರುಣರು, ಬೇಕರಿಯ ಒಡೆಯರೊಬ್ಬರು, ಮನೆಯಲ್ಲೇ ಚಕ್ಕುಲಿ ಕೋಡುಬಳೆ ಮಾಡಿ ಮಾರುವ ಹಿರಿಯ ಮಹಿಳೆಯೊಬ್ಬರು, ಉಳಿದವರು ಹವ್ಯಾಸಿಗಳು. ಗುರುಗಳಾಗಿದ್ದ ಹೆಣ್ಣುಮಗಳು ನನ್ನ ಕೊನೆಯ ತಂಡದ ವಿದ್ಯಾರ್ಥಿಗಳ ವಯಸ್ಸಿನವರು. ಮೊದಲ ದಿನ "ಸಾರ್" ಎಂದವರು, ನನ್ನ ವೃತ್ತಿ ತಿಳಿದ ಮೇಲೆ "ಮೇಷ್ಟ್ರೇ" ಎಂದರು. ನಾನು ಅವರನ್ನು "ಮೇಡಂ" ಎಂದೇ ಕರೆದೆ. ಕರಿಹಲಗೆಯ ಮುಂದೆ ನಿಂತವರಿಗೆ ಸಲ್ಲುವ ಗೌರವಕ್ಕೆ ವಯಸ್ಸಿನ ಲೆಕ್ಕವಿಲ್ಲ.

ಕ್ಯಾಮರಾಕ್ಕೂ ತಿನಿಸಿಗೂ ಹಳೆಯ ನಂಟು. ಛಾಯಾಗ್ರಹಣದ ಆವಿಷ್ಕಾರ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ 1844ರಿಂದ 1846ರವರೆಗೆ ಕಂತುಕಂತಾಗಿ ಹೊರತಂದ 'ದ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕದ ಇಪ್ಪತ್ತನಾಲ್ಕು ಚಿತ್ರಗಳಲ್ಲಿ ಕೊನೆಯದು ಬುಟ್ಟಿಯಲ್ಲಿಟ್ಟ ಹಣ್ಣುಗಳದು. ಅಂದಿನ ಚಿತ್ರಕ್ಕೆ ವಸ್ತು ಬಹಳ ಹೊತ್ತು ಅಲುಗದೆ ಇರಬೇಕಿತ್ತು. ಹಣ್ಣಿನಷ್ಟು ಸಹನೆ ಮನುಷ್ಯನಿಗೆಲ್ಲಿಯದು? ಹಣ್ಣಿಗೆ ಆರಿಹೋಗುವ ಭಯವೂ ಇಲ್ಲ. ದೋಸೆಗೆ ಇದೆ.

ಮೊದಲನೆಯ ಪಾಠ ಪೂರ್ತಿ ಬೆಳಕಿನದು. ಮೇಜಿನ ಮೇಲೆ ಒಂದು ತಟ್ಟೆ ಇಡ್ಲಿ ಇಟ್ಟು, ಕ್ಯಾಮರಾದ ಬೆನ್ನಿನಿಂದ ನೇರವಾಗಿ ದೀಪ ಬಿಟ್ಟರು. ಇಡ್ಲಿ ಕಾಗದದಲ್ಲಿ ಕತ್ತರಿಸಿದ ವೃತ್ತದಂತೆ ಚಪ್ಪಟೆಯಾಯಿತು. ದೀಪ ಆರಿಸಿ, ಪಕ್ಕದ ಕಿಟಕಿಯನ್ನು ತೆರೆದು, ಅದಕ್ಕೆ ತೆಳುವಾದ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟರು. ಓರೆಯಾಗಿ ಬಂದ ಆ ಮೆತ್ತನೆಯ ಬೆಳಕಿನಲ್ಲಿ ಇಡ್ಲಿಯ ಉಬ್ಬು ಕಂಡಿತು, ಮೈಮೇಲಿನ ಸಣ್ಣ ರಂಧ್ರಗಳು ಕಂಡವು. ನೆರಳು ಕಪ್ಪಾದ ಬದಿಗೆ ಒಂದು ಥರ್ಮೋಕೋಲಿನ ಹಲಗೆ ನಿಲ್ಲಿಸಿದರೆ, ಅದು ಕಿಟಕಿಯ ಬೆಳಕನ್ನೇ ಹಿಂದಿರುಗಿಸಿ ನೆರಳನ್ನು ತಿಳಿಗೊಳಿಸಿತು. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಬಿಳಿಗೋಡೆಯ ಮುಂದೆ ಎಷ್ಟು ಬಿಸಿಯ ಕಾಫಿಯೂ ತಣ್ಣಗೆ ಕಾಣುತ್ತದೆ. ಮುಗಿಲು ಮುಸುಕಿದ ಹೊತ್ತು ಚಿತ್ರಕ್ಕೆ ಒಳ್ಳೆಯದು, ಟ್ಯೂಬ್‌ಲೈಟು ಆಗದು ಎಂಬುದನ್ನೂ ಅಂದೇ ಕಲಿತೆವು.

ಬೆಳಕನ್ನು ತಿರುಗಿಸುವ ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರೇ ಇದೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಮೇಲಿನಿಂದ ಇಳಿದು ಬರುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಮೂಡಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ನಮ್ಮ ಮೇಡಂ ಈ ಕಥೆಯನ್ನು ಹೇಳಿ, ಪ್ರತಿಯೊಬ್ಬರಿಗೂ ಅಂಗೈಯಗಲದ ಒಂದೊಂದು ಕನ್ನಡಿ ಕೊಟ್ಟು, ಸಾರಿನ ಬಟ್ಟಲಲ್ಲಿ ತೇಲುವ ಒಗ್ಗರಣೆಯ ಮೇಲೆ ಬಿಸಿಲಿನ ಒಂದು ಚುಕ್ಕಿ ಬೀಳಿಸಲು ಹೇಳಿದರು. ಅರ್ಧ ಗಂಟೆ ಹಿಡಿಯಿತು. ಸಾಸಿವೆ ಕಾಳು ಮಿಂಚಿದಾಗ ಹೋಟೆಲಿನ ತರುಣರು ಚಪ್ಪಾಳೆ ತಟ್ಟಿದರು.

ಎರಡನೆಯ ವಾರ ಬಾಳೆಯೆಲೆಯ ಊಟ. ಎಲೆಯ ಊಟವನ್ನು ನೆತ್ತಿಯ ಮೇಲಿನಿಂದ, ಬಟ್ಟಲನ್ನು ಓರೆಯಾಗಿ, ಸುರುಳಿ ಸುತ್ತಿದ ದೋಸೆಯನ್ನು ಅದರ ಎತ್ತರಕ್ಕೇ ಬಗ್ಗಿ ತೆಗೆಯಬೇಕೆಂದು ಪಾಠ. ಚೌಕಟ್ಟಿಗೆ ಹೊಂದಲೆಂದು ಮೇಡಂ ಎಲೆಯ ತುದಿಯನ್ನು ಬಲಕ್ಕೆ ತಿರುಗಿಸಿದರು. ಚಕ್ಕುಲಿಯ ಮಹಿಳೆ ಕುಳಿತಲ್ಲೇ ಚಡಪಡಿಸಿದರು: "ತುದಿ ಊಟಕ್ಕೆ ಕೂತವರ ಎಡಕ್ಕೆ ಬರಬೇಕಮ್ಮ. ಹಾಗೇ ಬಿಟ್ಟರೆ ಬಡಿಸಿದವರಿಗೆ ಎಲೆ ಹಾಕೋಕೂ ಬರೊಲ್ಲ ಅಂತಾರೆ." ಎಲೆ ತಿರುಗಿತು. ಆಮೇಲೆ ಆಕೆಯೇ ಬಡಿಸಿದರು: ಮೇಲಿನ ಎಡತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಸಾಲಾಗಿ; ಕೆಳಗೆ ನಡುವೆ ಅನ್ನ, ಬಲತುದಿಗೆ ಪಾಯಸ. ಏಣಿಯ ಮೇಲಿನಿಂದ ನೋಡಿದೆವು. ಒಂದು ಬಣ್ಣದ ಪಕ್ಕಕ್ಕೆ ಅದೇ ಬಣ್ಣ ಬಂದಿರಲಿಲ್ಲ, ಒದ್ದೆಯಾದುದು ಒಣಗಿದುದಕ್ಕೆ ತಗುಲಿರಲಿಲ್ಲ. ಮೇಡಂ ಒಂದು ಪದಾರ್ಥವನ್ನೂ ಜರುಗಿಸದೆ ಚಿತ್ರ ತೆಗೆದರು.

ಮೂರನೆಯ ವಾರದ ಪಾಠ ಜಾಹೀರಾತಿನ ಕೈಚಳಕಗಳದು. ದೀಪದ ಶಾಖಕ್ಕೆ ಐಸ್‌ಕ್ರೀಮು ಕರಗುತ್ತದೆ. ಆದ್ದರಿಂದ ಕಿವುಚಿದ ಆಲೂಗಡ್ಡೆಗೆ ಬಣ್ಣ ಕಟ್ಟಿ ಉಂಡೆ ಮಾಡುವುದುಂಟು. ಹಾಲಿನ ಬದಲು ಬಿಳಿಯ ಅಂಟು, ಹಣ್ಣಿನ ಮೇಲಿನ ಹನಿಗಳಿಗೆ ಗ್ಲಿಸರಿನ್ನು, ಹಬೆಗೆ ಬಿಸಿನೀರಲ್ಲಿ ಅದ್ದಿದ ಹತ್ತಿ. ಅಮೆರಿಕದ ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿನಲ್ಲಿ ತರಕಾರಿ ತಳಕ್ಕೆ ಇಳಿಯದಿರಲೆಂದು ಬಟ್ಟಲ ಅಡಿಯಲ್ಲಿ ಗಾಜಿನ ಗೋಲಿಗಳನ್ನು ಹಾಕಿದ್ದರಂತೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನು ಅದನ್ನು ಮೋಸವೆಂದು ಹಿಡಿದು 1970ರಲ್ಲಿ ಪ್ರಕರಣ ಇತ್ಯರ್ಥವಾಯಿತು. ಇದನ್ನು ಕೇಳಿ ಎಲ್ಲರೂ ನಕ್ಕರು. ಬಳಿಕ ಬಂದ ಒಂದು ಸಣ್ಣ ಸೂಚನೆಗೆ ಯಾರೂ ನಗಲಿಲ್ಲ, ಎಲ್ಲರೂ ಬರೆದುಕೊಂಡರು: "ತರಕಾರಿಯನ್ನು ಅರೆಬೇಯಿಸಿ ಇಳಿಸಿಬಿಡಿ. ಹಸುರು ಉಳಿಯುತ್ತದೆ."

ಗೋಲಿಗಿಂತ ನನ್ನನ್ನು ಕಾಡಿದ್ದು ಈ ಮಾತು. ಹುರುಳಿಕಾಯಿ ಬೇಯುತ್ತಾ ಹೋದಂತೆ ಅದರ ಪತ್ರಹರಿತ್ತಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ, ಹಸುರು ಕಂದುತ್ತದೆ. ಹುಣಸೆಯ ಹುಳಿ ತಗುಲಿದರೆ ಇನ್ನೂ ಬೇಗ. ನಮ್ಮ ಮನೆಯ ಹುಳಿಯಲ್ಲಿ ಹುರುಳಿಕಾಯಿಯ ಬಣ್ಣ ಒಣಗಿದ ಎಲೆಯದು. ಅದೇ ಅದರ ಹದ. ನೋಡಲು ಚೆಲುವಾದ ಹಸಿಹಸುರು ಕಾಯಿಯ ಚಿತ್ರವನ್ನು ಆ ಮಗುವಿಗೆ ಕಳಿಸಿದರೆ, ಅವಳು ಆ ಬಣ್ಣವನ್ನು ಕಂಡೊಡನೆ ಒಲೆ ಆರಿಸುತ್ತಾಳೆ. ರುಚಿ ಬಾರದಾಗ ಅಜ್ಜಿಯ ಬರವಣಿಗೆಯನ್ನೇ ಶಂಕಿಸುತ್ತಾಳೆ. ಮಾತು ಅಸ್ಪಷ್ಟವಾಗಿದ್ದರೆ ಕೇಳಿಯಾದರೂ ತಿಳಿಯಬಹುದು. ಚಿತ್ರವನ್ನು ಯಾರೂ ಪ್ರಶ್ನಿಸುವುದಿಲ್ಲ.

ಇದನ್ನು ತರಗತಿಯಲ್ಲೇ ಹೇಳಿದೆ. ಬೇಕರಿಯವರು, "ಕಂದಿದ ತರಕಾರಿ ತೋರಿಸಿದರೆ ಗಿರಾಕಿ ಬರುತ್ತಾನೆಯೇ ಸ್ವಾಮಿ?" ಎಂದರು. ಅದೂ ನಿಜವೇ. ಅವರಿಗೆ ಅಂಗಡಿಯ ಬಾಡಿಗೆ ಕಟ್ಟಬೇಕು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಿಮಗೆ ಬೇಕಾದದ್ದು ಹಸಿವು ಹುಟ್ಟಿಸುವ ಚಿತ್ರವಲ್ಲ, ಪಾಠ ಹೇಳುವ ಚಿತ್ರ. ನಿಮಗೆ ಬೇರೆ ಮನೆಗೆಲಸ ಕೊಡುತ್ತೇನೆ" ಎಂದರು. ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ನನಗೆ ಕಷ್ಟವಲ್ಲ. ಹನ್ನೊಂದು ಮಂದಿಗೆ ಒಂದೇ ಪಾಠ ಸಾಲದೆಂದು ತಿಳಿದವರು ಅವರು. ನನಗೆ ಕೊಟ್ಟ ಸೂಚನೆಗಳು ಮೂರು. ಫೋನು ಬಣ್ಣಗಳನ್ನು ತಾನಾಗಿ ಉಜ್ವಲಗೊಳಿಸುತ್ತದೆ, ಅದನ್ನು ನಂಬಬೇಡಿ. ಪ್ರತಿ ಚಿತ್ರದಲ್ಲೂ ಬಿಳಿಯ ಕಾಗದದ ಒಂದು ಚೂರು ಇರಲಿ, ಅದು ಬಿಳಿಯಾಗಿಯೇ ಕಂಡರೆ ಉಳಿದ ಬಣ್ಣಗಳೂ ಬಹುಮಟ್ಟಿಗೆ ಸರಿ. ಎಲ್ಲ ಚಿತ್ರಗಳನ್ನೂ ಒಂದೇ ಕಿಟಕಿಯಲ್ಲಿ, ಒಂದೇ ಹೊತ್ತಿನಲ್ಲಿ ತೆಗೆಯಿರಿ. ಮುಗಿದ ಅಡುಗೆಯನ್ನಲ್ಲ, ಆಗುತ್ತಿರುವ ಅಡುಗೆಯನ್ನು ತೆಗೆಯಿರಿ.

ಮೆಂತ್ಯದಿಂದ ಪ್ರಾರಂಭಿಸಿದೆವು. ಅಕ್ಕ ಬಾಣಲೆಯಲ್ಲಿ ಹುರಿಯುತ್ತಾ, ನಾನು ಕೈನೀಡಿದಾಗಲೆಲ್ಲ ಒಂದೊಂದು ಚಿಟಿಕೆ ತೆಗೆದುಕೊಟ್ಟಳು. ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಐದು ಚಿಟಿಕೆಗಳು ಸಾಲಾದವು: ಹಸಿಯದರ ಮಾಸಲು ಹಳದಿಯಿಂದ ಹಿಡಿದು ಸೀದುದರ ಕಪ್ಪಿನವರೆಗೆ. ಅಕ್ಕ ಮೂರನೆಯದರ ಕೆಳಗೆ ಒಂದು ಕೊತ್ತಂಬರಿ ಎಲೆಯಿಟ್ಟು, "ಇದು" ಎಂದಳು. ನಾಲ್ಕನೆಯದನ್ನು ನೋಡಿ, "ಇಲ್ಲಿಗೆ ಬಂದರೆ ಕೆಟ್ಟಿತು" ಎಂದಳು. ಮೂರಕ್ಕೂ ನಾಲ್ಕಕ್ಕೂ ನಡುವಿನ ಅಂತರ ಬರಿಗಣ್ಣಿಗೆ ಅಷ್ಟಿಷ್ಟು; ಚಿತ್ರದಲ್ಲಿ ಪಕ್ಕಪಕ್ಕದಲ್ಲಿ ಕಂಡಾಗ ಸಂಶಯಕ್ಕೆ ಎಡೆಯಿರಲಿಲ್ಲ. ಅಂದೇ ಕಳಿಸಿದೆವು. "ನಾನು ಇಷ್ಟು ದಿನ ಎರಡನೆಯದಕ್ಕೇ ನಿಲ್ಲಿಸುತ್ತಿದ್ದೆ" ಎಂದು ಉತ್ತರ ಬಂತು.

ಕಷ್ಟವಾದದ್ದು ಮೈಸೂರುಪಾಕಿನ ಒಂದೆಳೆ ಪಾಕ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆ ಎಳೆ ನಿಲ್ಲುವುದು ಒಂದು ಉಸಿರಿನಷ್ಟು ಹೊತ್ತು. ಅಕ್ಕನ ಬೆರಳುಗಳ ನಡುಕಕ್ಕೆ ಅದೂ ಇಲ್ಲ. ನಾನು ಹಿಡಿಯುತ್ತೇನೆಂದರೆ ಆಕೆ ಒಪ್ಪಲಿಲ್ಲ; ಹದ ತನ್ನ ಬೆರಳಿಗೆ ತಿಳಿಯುವುದೇ ಹೊರತು ನನ್ನದಕ್ಕಲ್ಲ. ಅದು ನ್ಯಾಯವಾದ ಮಾತು. ತನ್ನ ಕೈ ಚಿತ್ರದಲ್ಲಿ ಬರುವುದಕ್ಕೂ ಒಪ್ಪಲಿಲ್ಲ: "ಪಾಕದ ಫೋಟೋ ತೆಗಿ. ನೆರಿಗೆ ಬಿದ್ದ ಕೈಯಿನದು ಯಾಕೋ?" ಆ ಕೈಯೇ ನೋಟುಬುಕ್ಕಿನ ಎಲ್ಲ ಹಿಡಿಗಳ, ಚಿಟಿಕೆಗಳ ಅಳತೆಗೋಲೆಂದು ತಿಳಿಹೇಳಿದ ಮೇಲೆ ಸುಮ್ಮನಾದಳು. ತರಗತಿಯಲ್ಲಿ ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಎಳೆಯೂ ಹಬೆಯಂತೆಯೇ, ಹಿಂದಿನಿಂದ ಬೆಳಕು, ಹಿನ್ನೆಲೆಗೆ ಕಪ್ಪು ಬಟ್ಟೆ. ಒಲೆಯನ್ನೇ ಪೂರ್ವದ ಕಿಟಕಿಯ ಬಳಿಗೆ ಸಾಗಿಸಿದೆವು. ಬೆಳಕು ಹೆಚ್ಚಿದಷ್ಟೂ ಕ್ಯಾಮರಾದ ಕಣ್ಣು ತೆರೆದಿರಬೇಕಾದ ಹೊತ್ತು ಕಡಿಮೆ. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಅದನ್ನು ಸೆಕೆಂಡಿನ 500ನೆಯ ಒಂದು ಪಾಲಿಗೆ ಇಳಿಸಿದಾಗ ನಡುಕವೂ ನಿಂತಂತೆ ಬಂತು. ಏಳನೆಯ ಚಿತ್ರದಲ್ಲಿ ಎಳೆ ಸಿಕ್ಕಿತು, ಬೆರಳಿನಿಂದ ಬೆರಳಿಗೆ, ಜೇಡರ ನೂಲಿನಂತೆ. ತೋರಿಸಲು ಹೋದರೆ ಅಕ್ಕ ತಿರುಗಿಯೂ ನೋಡಲಿಲ್ಲ. ಪಾಕ ಮುಂದಕ್ಕೆ ಹೋಗುವ ಮೊದಲು ಕಡಲೆಹಿಟ್ಟು ಸುರಿಯಬೇಕಿತ್ತು.

ತರಗತಿ ಮುಗಿದು ಬಹಳ ದಿನಗಳಾದವು. ಈಗ ವಾರಕ್ಕೊಂದು ಅಡುಗೆಯಂತೆ ನೋಟುಬುಕ್ಕಿನ ಎದುರು ಪುಟಗಳಿಗೆ ಚಿತ್ರಗಳನ್ನು ಅಂಟಿಸುತ್ತಿದ್ದೇವೆ. ಹದಿನೆಂಟು ಆಗಿವೆ. ಅಕ್ಕನ ಬರಿಯ ಹಿಡಿಯದು ಒಂದು, ತೊಗರಿಬೇಳೆ ತುಂಬಿದ ಹಿಡಿಯದು ಒಂದು, ಆ ಬೇಳೆಯನ್ನು ಅಳತೆಯ ಬಟ್ಟಲಿಗೆ ಸುರಿದದ್ದು ಒಂದು, ಹೀಗೆ ಮೊದಲ ಪುಟದಲ್ಲೇ ಮೂರು ಚಿತ್ರಗಳಿವೆ. ಹೋಳಿಗೆಯ ಕಣಕದ ಹದ ಇನ್ನೂ ಸಿಕ್ಕಿಲ್ಲ. ಎಳೆದರೆ ಹರಿಯದ ಆ ಮೃದುತ್ವವನ್ನು ಯಾವ ಬೆಳಕಿನಲ್ಲಿ ತೆಗೆಯಬೇಕೆಂದು ಮೇಡಂ ಅವರನ್ನು ಕೇಳಿದ್ದೇನೆ, ಯೋಚಿಸಿ ಹೇಳುವೆನೆಂದಿದ್ದಾರೆ. ಉಪ್ಪಿನಕಾಯಿಯ ಪುಟಕ್ಕೆ ಮಾವಿನ ಮಿಡಿ ಬರುವವರೆಗೆ ಕಾಯಬೇಕು.