ಬಲ್ಲವನ ಮರೆವು
ಹೋದ ಮಳೆಗಾಲದಲ್ಲಿ ಶರಾವತಿ ತೀರದ ಮಾವಿನಕುರ್ವೆಯ ಭಕ್ತರೊಬ್ಬರ ಮನೆಯ ಮುಂದೆ ನಮ್ಮ ಕಾರಿನ ಚಕ್ರ ಪಂಕ್ಚರಾಯಿತು. ನಾವೇ ಬದಲಿಸಿದೆವು. ಜ್ಯಾಕಿನ ಮೇಲೆ ಎತ್ತಿದ ಚಕ್ರ ತಿರುಗುವುದರಿಂದ ನಟ್ಟುಗಳನ್ನು ಮೊದಲು ಕೈಯಿಂದ ಕೂಡಿಸಿ, ಚಕ್ರ ನೆಲಕ್ಕೂರಿದ ಮೇಲೆ ಎದುರುಬದುರಾಗಿ ಬಿಗಿಯಬೇಕೆಂಬುದು ನಮಗೆ ತಿಳಿಯದ್ದೇನಲ್ಲ. ಜ್ಯಾಕನ್ನು ಇಳಿಸುವಷ್ಟರಲ್ಲಿ ಹಿರಿಯರೊಬ್ಬರು ಬಂದು ನಮಸ್ಕರಿಸಿದರು, ಮಾತು ಬೆಳೆಯಿತು. ಮಾತು ಮುಗಿದಾಗ ಕೆಲಸವೂ ಮುಗಿದಿದೆಯೆಂದೇ ಮನಸ್ಸು ನಂಬಿತು. ಸ್ಪ್ಯಾನರನ್ನು ಡಿಕ್ಕಿಗೆ ಸೇರಿಸಿ ಹೊರಟೆವು.

ತುಸು ದೂರದಲ್ಲೇ ಚಕ್ರ ಕಟಕಟನೆ ಸದ್ದು ಮಾಡತೊಡಗಿತು. ಇಳಿದು ನೋಡಿದರೆ ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಹಿಂದಿನ ಆಸನದಲ್ಲಿ ಮಠದ ಇಬ್ಬರು ವಿದ್ಯಾರ್ಥಿಗಳು ನಿದ್ರಿಸುತ್ತಿದ್ದರು. ಅವರ ಮುಖ ಕಂಡು ನಮ್ಮ ಮೈ ನಡುಗಿತು.

ಅರಿಯದವನ ತಪ್ಪಿಗಿಂತ ಬಲ್ಲವನ ಮರೆವು ಘೋರ. ಅಂದಿನಿಂದ, ನಡುವೆ ಮಾತು ಬಂದಿತೆಂದರೆ ಕೆಲಸವನ್ನು ಮೊದಲಿನಿಂದ ನೋಡುತ್ತೇವೆ. ನಟ್ಟುಗಳನ್ನು ಮುಟ್ಟಿ ಎಣಿಸಿದ ಮೇಲೆಯೇ ಸ್ಪ್ಯಾನರು ಡಿಕ್ಕಿ ಸೇರುತ್ತದೆ.